ಅರಬ್ಬಿ ಮಾತಾಡುವ ಕೀಲುವಾತದ ರೋಗಿಗಳು ಔಷಧಿ ಸರಿಯಾಗಿ ತೆಗೆದುಕೊಳ್ಳುತ್ತಾರಾ, ಅಳೆಯುವುದು ಹೇಗೆ?

ಉಡುಪಿ_ಟು_ಮಸ್ಕತ್

ಎಲ್ಲರಿಗೂ ನಮಸ್ಕಾರ. ನಾನು ಉಡುಪಿ ಕಡೆಯವಳು. ಮಸ್ಕತ್‌ನ ಒಂದು ಆಸ್ಪತ್ರೆಯಲ್ಲಿ ಒಂಬತ್ತು ವರ್ಷದಿಂದ ನರ್ಸ್, ಈಗ ಕೀಲುರೋಗದ ಒಪಿಡಿಯಲ್ಲಿದ್ದೇನೆ. ಇಲ್ಲಿ ಗಲ್ಫ್‌ನಲ್ಲಿ ಕೆಲಸ ಮಾಡುವ ನರ್ಸ್, ಫಾರ್ಮಸಿಸ್ಟ್, ಡಾಕ್ಟರ್ ತುಂಬಾ ಜನ ಇದ್ದೀರಿ ಅಂತ ಧೈರ್ಯ ಮಾಡಿ ಕೇಳುತ್ತಿದ್ದೇನೆ.

ನಮ್ಮ ವಿಭಾಗದಲ್ಲಿ ಒಂದು ಕೆಲಸ ವಹಿಸಿದ್ದಾರೆ. ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಕೀಲುವಾತ ಇರುವವರು ಬರೆದುಕೊಟ್ಟ ಔಷಧಿಯನ್ನು ಎಷ್ಟು ಸರಿಯಾಗಿ ತೆಗೆದುಕೊಳ್ಳುತ್ತಾರೆ ಅಂತ ಲೆಕ್ಕ ಹಾಕಬೇಕು. ಇಂಗ್ಲಿಷ್‌ನಲ್ಲಿ ಇದ್ದ ಒಂದು ಪ್ರಶ್ನಾವಳಿಯನ್ನು ಯಾರೋ ಕಂಪ್ಯೂಟರ್‌ಗೆ ಹಾಕಿ ಅರಬ್ಬಿ ಮಾಡಿಸಿಕೊಟ್ಟರು. ನಲವತ್ತು ಜನರಿಂದ ತುಂಬಿಸಿದೆವು. ಹೆಚ್ಚು ಕಡಿಮೆ ಎಲ್ಲರೂ ಪೂರ್ತಿ ಅಂಕ! ಮೇಲಿನವರಿಗೆ ಖುಷಿಯಾಯಿತು. ನನಗೆ ಮಾತ್ರ ಸಮಾಧಾನ ಇಲ್ಲ.

ಯಾಕೆ ಅಂದರೆ, ಒಬ್ಬರು ಅಜ್ಜಿ ಬಂದಿದ್ದರು, ಅರವತ್ತು ದಾಟಿದವರು. ಬೆರಳಿನ ಗೆಣ್ಣುಗಳೆಲ್ಲ ಊದಿದ್ದವು. ಮುಷ್ಟಿ ಕಟ್ಟಿ ಅಂದರೆ ಅರ್ಧಕ್ಕೇ ನಿಂತಿತು. ವಾರಕ್ಕೊಮ್ಮೆ ಆರು ಮೆಥೊಟ್ರೆಕ್ಸೇಟ್ ಮಾತ್ರೆ, ಅಂದರೆ 15 ಮಿ.ಗ್ರಾಂ. ಫಾರಂನಲ್ಲಿ 'ಔಷಧಿ ತೆಗೆದುಕೊಳ್ಳಲು ಮರೆಯುತ್ತೀರಾ' ಅಂತ ಇತ್ತು, 'ಇಲ್ಲ' ಅಂದರು. 'ಅಲ್‌ಹಮ್ದುಲಿಲ್ಲಾ, ಎಲ್ಲ ತೆಗೆದುಕೊಳ್ಳುತ್ತೇನೆ' ಅಂದರು. ಅಪಾಯಿಂಟ್‌ಮೆಂಟ್ ಕಾರ್ಡ್ ಹುಡುಕಲು ಕೈಚೀಲವನ್ನು ಮೇಜಿನ ಮೇಲೆ ಖಾಲಿ ಮಾಡಿದಾಗ ಮೆಥೊಟ್ರೆಕ್ಸೇಟ್‌ನ ಮೂರು ಡಬ್ಬಿ ಬಿದ್ದವು. ಮೂರಕ್ಕೂ ಅಂಟಿಸಿದ ಸೀಲ್ ಹಾಗೇ ಇತ್ತು. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಪಕ್ಕದಲ್ಲಿ ಮಗ ನಿಂತಿದ್ದ, ಹಾಗಾಗಿ ನಾನು ಏನೂ ಮಾತಾಡದೆ ಡಬ್ಬಿಗಳನ್ನು ವಾಪಸ್ ಚೀಲಕ್ಕೆ ಹಾಕಿದೆ.

ಆಮೇಲೆ ಯೋಚನೆ ಮಾಡಿದರೆ ಆಕೆ ಸುಳ್ಳೇ ಹೇಳಿಲ್ಲ. ಮರೆತಿರಲಿಲ್ಲ. ಬೇಡ ಅಂತ ಬಿಟ್ಟಿದ್ದರು. ನಾವು ಕೇಳಿದ್ದು ಮರೆವಿನ ಬಗ್ಗೆ ಮಾತ್ರ, ಅಲ್ವಾ?

ಅದೇ ದಿನ ಡಾಕ್ಟರು 'ಮಾತ್ರೆ ಕೆಲಸ ಮಾಡುತ್ತಿಲ್ಲ, ಬಯಾಲಜಿಕ್ ಇಂಜೆಕ್ಷನ್ ಶುರು ಮಾಡೋಣ' ಅಂತ ಬರೆಯುವವರಿದ್ದರು. ಬಯಾಲಜಿಕ್ ಅಂದರೆ ಮಾತ್ರೆ ಸಾಲದಾಗ ಕೊಡುವ ದುಬಾರಿ ಔಷಧಿ. ತೆಗೆದುಕೊಳ್ಳದ ಮಾತ್ರೆ ಹೇಗೆ ಕೆಲಸ ಮಾಡುತ್ತದೆ? ಇದಕ್ಕೇ ನನಗೆ ಸರಿಯಾದ ಅಳತೆ ಬೇಕು. ಯಾವ ಪ್ರಶ್ನಾವಳಿ ಬಳಸಬೇಕು, ಅರಬ್ಬಿಗೆ ಹೇಗೆ ತರಬೇಕು, ಪ್ರಶ್ನಾವಳಿ ಒಂದೇ ಸಾಕಾ? ಗೊತ್ತಿರುವವರು ದಯವಿಟ್ಟು ಹೇಳಿ.

---

ಮಾತ್ರೆಭಟ್ರು

ಅಕ್ಕ, ಒಳ್ಳೆ ಪ್ರಶ್ನೆ. ನಾನು ಮಂಗಳೂರಿನವನು, ಫಾರ್ಮಸಿಸ್ಟ್. ಕುವೈತ್‌ನಲ್ಲಿ ಏಳು ವರ್ಷ ಇದ್ದು ಬಂದವನು.

ಮೊದಲು ಒಂದು ಎಚ್ಚರಿಕೆ. ನೀವು ಬಳಸಿದ್ದು ಮೊರಿಸ್ಕಿಯವರ ಎಂಟು ಪ್ರಶ್ನೆಗಳ ಪಟ್ಟಿ ಆಗಿದ್ದರೆ ಅಲ್ಲಿಗೇ ನಿಲ್ಲಿಸಿ. ಅದಕ್ಕೆ ಲೈಸೆನ್ಸ್ ಬೇಕು, ದುಡ್ಡು ಕಟ್ಟಬೇಕು. ಲೈಸೆನ್ಸ್ ಇಲ್ಲದೆ ಬಳಸಿ, ಪ್ರಕಟವಾದ ಮೇಲೆ ಲೇಖನ ವಾಪಸ್ ತೆಗೆದುಕೊಂಡವರಿದ್ದಾರೆ. ಸುಮ್ನೆ ಯಾಕೆ ಆ ತಲೆನೋವು. ಅದಲ್ಲದೆ ಅದು ಶುರುವಾಗಿದ್ದು ಬಿಪಿ ರೋಗಿಗಳನ್ನು ಇಟ್ಟುಕೊಂಡು. ದಿನಾ ಒಂದು ಮಾತ್ರೆ ನುಂಗುವವರ ಲೆಕ್ಕ ಬೇರೆ, ವಾರಕ್ಕೊಮ್ಮೆ ಆರು ಮಾತ್ರೆ, ಇನ್ನೊಂದು ದಿನ ಫೋಲಿಕ್ ಆಸಿಡ್, ಎರಡು ವಾರಕ್ಕೊಮ್ಮೆ ಹೊಟ್ಟೆಗೆ ಇಂಜೆಕ್ಷನ್ ಅಂತ ಇರುವವರ ಲೆಕ್ಕ ಬೇರೆ.

ಕೀಲುರೋಗಕ್ಕೆ ಅಂತಲೇ ಮಾಡಿದ್ದು ಸಿಕ್ಯೂಆರ್. 19 ಪ್ರಶ್ನೆಗಳು. ನೆದರ್‌ಲೆಂಡ್ಸ್‌ನಲ್ಲಿ ಡಿ ಕ್ಲೆರ್ಕ್ ಮತ್ತು ಅವರ ಜೊತೆಯವರು 1999ರಲ್ಲಿ ತಂದರು. 2003ರಲ್ಲಿ ಅದನ್ನು ಚಿಪ್ ಇರುವ ಮುಚ್ಚಳದ ಬಾಟಲಿಯ ಜೊತೆ ಹೋಲಿಸಿ ನೋಡಿದರು. ಆ ಬಾಟಲಿಯನ್ನು ತೆರೆದಾಗಲೆಲ್ಲ ದಿನ, ಗಂಟೆ ದಾಖಲಾಗುತ್ತದೆ. ಅಂದರೆ ಬಾಯಿಮಾತನ್ನು ಒಂದು ಗಟ್ಟಿ ಲೆಕ್ಕದ ಪಕ್ಕ ಇಟ್ಟು ಪರೀಕ್ಷೆ ಮಾಡಿದ್ದಾರೆ. ನನಗೆ ಆ ಪ್ರಶ್ನಾವಳಿ ಮೇಲೆ ಗೌರವ ಇರುವುದು ಇದಕ್ಕೇ.

ಅದು 'ಮರೆಯುತ್ತೀರಾ' ಅಂತ ಅಷ್ಟಕ್ಕೇ ನಿಲ್ಲುವುದಿಲ್ಲ. ಔಷಧಿ ತೆಗೆದುಕೊಂಡರೆ ತೊಂದರೆ ಕಡಿಮೆ ಅನ್ನಿಸುತ್ತದಾ, ಬೇರೆ ಮದ್ದಿನಿಂದ ವಾಸಿ ಮಾಡಿಕೊಳ್ಳುವುದಾದರೆ ಅದನ್ನೇ ಇಷ್ಟಪಡುತ್ತೀರಾ, ಮಾತ್ರೆಯನ್ನು ಯಾವಾಗಲೂ ಒಂದೇ ಜಾಗದಲ್ಲಿ ಇಡುತ್ತೀರಾ, ರಜೆಗೆ ಹೊರಗೆ ಹೋದಾಗ ತಪ್ಪುತ್ತದಾ, ಹೀಗೆ ಕೆದಕುತ್ತದೆ. ನಿಮ್ಮ ಅಜ್ಜಿಯಂಥವರು ಇಲ್ಲಿ ಸಿಗುತ್ತಾರೆ.

ಲೆಕ್ಕ ಹೀಗೆ. ಪ್ರತಿ ಪ್ರಶ್ನೆಗೆ 1ರಿಂದ 4. ಒಟ್ಟು ಕೂಡಿ 19 ಕಳೆದು 0.57ರಿಂದ ಭಾಗಿಸಿದರೆ 0ಯಿಂದ 100ರ ಒಳಗೆ ಅಂಕ ಬರುತ್ತದೆ. ಆದರೆ ಆರು ಪ್ರಶ್ನೆಗಳು ಉಲ್ಟಾ ಇವೆ, ಅವುಗಳಿಗೆ ಒಪ್ಪಿದರೆ ಅಂಕ ಕಮ್ಮಿ. ಎಕ್ಸೆಲ್‌ನಲ್ಲಿ ಅವನ್ನು ತಿರುಗಿಸದೆ ಕೂಡಿಸಿದರೆ ಎಲ್ಲಾ ಹಾಳು. ನಾನೇ ಒಂದು ಸಲ ಇಡೀ ತಿಂಗಳ ಫಾರಂಗಳನ್ನು ಹಾಗೆ ಕೂಡಿಸಿ, ಆಮೇಲೆ ರಾತ್ರಿ ಕೂತು ಮತ್ತೆ ಮಾಡಿದ್ದೇನೆ.

ಅಷ್ಟು ಸಮಯ ಇಲ್ಲ ಅಂದರೆ 2013ರಲ್ಲಿ ಬಂದ ಐದು ಪ್ರಶ್ನೆಗಳ ಚಿಕ್ಕ ರೂಪವೂ ಇದೆ. ನನ್ನ ಅಭಿಪ್ರಾಯ ಕೇಳಿದರೆ 19 ಪ್ರಶ್ನೆಗಳದ್ದೇ ಮಾಡಿ. ಚಿಕ್ಕದು ಯಾರು ತಪ್ಪಿಸುತ್ತಾರೆ ಅಂತ ತೋರಿಸುತ್ತದೆ. ಯಾಕೆ ಅಂತ ನಿಮಗೆ ಬೇಕಲ್ವಾ.

ಇನ್ನೊಂದು ಜಿಮ್ಯಾಸ್ ಅಂತ ಇದೆ, 11 ಪ್ರಶ್ನೆ. ಅದು ಹುಟ್ಟಿದ್ದು ಪಾಕಿಸ್ತಾನದಲ್ಲಿ, ಉರ್ದುವಿನಲ್ಲಿ. ಆಮೇಲೆ ಅರಬ್ಬಿಗೆ ತಂದು ಸೌದಿಯಲ್ಲಿ ಪರೀಕ್ಷೆ ಮಾಡಿದ್ದಾರೆ. ದುಡ್ಡಿನ ಕಾರಣಕ್ಕೆ ಔಷಧಿ ಬಿಡುವುದನ್ನೂ ಅದು ಕೇಳುತ್ತದೆ. ವಲಸೆ ಬಂದ ಯೆಮೆನಿ, ಸುಡಾನಿ ರೋಗಿಗಳು ಜಾಸ್ತಿ ಇದ್ದರೆ ಇದನ್ನೂ ನೋಡಿ.

ಯಾವುದೇ ಇರಲಿ, ಮಾಡಿದವರಿಗೆ ಒಂದು ಇಮೇಲ್ ಬರೆದು ಅನುಮತಿ ಕೇಳಿ. ಪರೀಕ್ಷೆಯಾದ ಅರಬ್ಬಿ ರೂಪ ಇದೆಯಾ ಅಂತಲೂ ಅವರನ್ನೇ ಕೇಳಿ. ಇದ್ದರೆ ಮತ್ತೆ ಅನುವಾದ ಮಾಡುವ ಶ್ರಮ ತಪ್ಪುತ್ತದೆ.

---

ಭಟ್ಕಳದ_ದುಭಾಷಿ

ನಾನು ಡಾಕ್ಟರ್ ಅಲ್ಲ. ಭಟ್ಕಳದವನು. ಶಾರ್ಜಾದಲ್ಲಿ ಆಸ್ಪತ್ರೆ, ಕೋರ್ಟು ಎರಡರಲ್ಲೂ ಅರಬ್ಬಿ ದುಭಾಷಿ ಕೆಲಸ ಮಾಡಿದ್ದೇನೆ. ಭಾಷೆಯ ಬಗ್ಗೆ ಮಾತ್ರ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ.

ಕಂಪ್ಯೂಟರ್ ಕೊಟ್ಟಿದ್ದು ಫುಸ್‌ಹಾ, ಅಂದರೆ ಪುಸ್ತಕದ ಅರಬ್ಬಿ. ಮನೆಯಲ್ಲಿ ಯಾರೂ ಆ ಭಾಷೆ ಮಾತಾಡುವುದಿಲ್ಲ. ನಮ್ಮಲ್ಲಿ ಹಳೆಯ ಗ್ರಾಂಥಿಕ ಕನ್ನಡದಲ್ಲಿ 'ತಾವು ಔಷಧ ಸೇವನೆಯಿಂದ ವಿಮುಖರಾಗುವಿರೇ' ಅಂತ ಕೇಳಿದರೆ ಅಜ್ಜಿ ಏನು ಹೇಳುತ್ತಾರೆ? ಮರ್ಯಾದೆಗೆ 'ಇಲ್ಲಪ್ಪ' ಅನ್ನುತ್ತಾರೆ. ಪ್ರಶ್ನೆಯೇ ಪರೀಕ್ಷೆ ಬರೆಸುವ ಮೇಷ್ಟ್ರ ಹಾಗೆ ಕೇಳಿಸುತ್ತದೆ. ಹಾಗಂತ ಪೂರ್ತಿ ಆಡುಮಾತಿನಲ್ಲಿ ಬರೆದರೂ ಕಷ್ಟ, ಈಜಿಪ್ಟ್‌ನವರ ಮಾತು ಬೇರೆ, ಒಮಾನಿನವರದು ಬೇರೆ, ಸಿರಿಯಾದವರದು ಬೇರೆ. ದಾರಿ ಏನಂದರೆ, ಸರಳ ಫುಸ್‌ಹಾದಲ್ಲಿ ಬರೆದು, ಎಲ್ಲರೂ ದಿನಾ ಬಳಸುವ ಪದಗಳನ್ನು ಮಾತ್ರ ಇಡಬೇಕು. ಔಷಧಿಗೆ ಪುಸ್ತಕದಲ್ಲಿ 'ದವಾ'. ಗಲ್ಫ್‌ನಲ್ಲಿ ಎಷ್ಟೋ ಜನ 'ಇಲಾಜ್' ಅನ್ನುತ್ತಾರೆ. ಮಾತ್ರೆಗೆ 'ಹುಬೂಬ್', ಇಂಜೆಕ್ಷನ್‌ಗೆ 'ಇಬ್ರಾ'. 'ಔಷಧಿ ತೆಗೆದುಕೊಂಡಿರಾ' ಅಂತ ಒಟ್ಟಾಗಿ ಕೇಳಿದರೆ ಕೆಲವರು ಮಾತ್ರೆ ಅಂತ ಮಾತ್ರ ತಿಳಿದುಕೊಳ್ಳುತ್ತಾರೆ, ಇಂಜೆಕ್ಷನ್ ಲೆಕ್ಕಕ್ಕೇ ಬರುವುದಿಲ್ಲ.

ಇಲ್ಲ ಅನ್ನುವ ಪ್ರಶ್ನೆಗಳನ್ನು ನೋಡಿಕೊಳ್ಳಿ. 'ನೀವು ಔಷಧಿ ಬಿಡುವುದಿಲ್ಲ ಅಲ್ವಾ' ಅಂತ ಕೇಳಿದಾಗ 'ಹೌದು' ಅಂದರೆ ಏನರ್ಥ? ಬಿಡುತ್ತೇನೆ ಅಂತಲೋ, ಬಿಡುವುದಿಲ್ಲ ಅಂತಲೋ? ಕನ್ನಡದಲ್ಲೇ ಗೊಂದಲ. ಅರಬ್ಬಿಯಲ್ಲೂ ಅದೇ ಗೊಂದಲ.

ಮುಂದಿನ ದಿನಗಳ ಬಗ್ಗೆ ಕೇಳಲೇಬೇಡಿ. 'ಸರಿಯಾಗಿ ತೆಗೆದುಕೊಳ್ಳುತ್ತೀರಾ' ಅಂದರೆ 'ಇನ್ಶಾ ಅಲ್ಲಾಹ್', ಅಂದರೆ ದೇವರಿಚ್ಛೆ ಇದ್ದರೆ, ಅಂತ ಬರುತ್ತದೆ. ಅದು ಮನಸ್ಸಿನಿಂದ ಬಂದ ಮಾತೇ, ಅದರಲ್ಲಿ ಸುಳ್ಳಿಲ್ಲ. ಆದರೆ ಅದಕ್ಕೆ ಅಂಕ ಹಾಕಲು ಆಗುವುದಿಲ್ಲ. ಆಗಿ ಹೋದ ಒಂದು ದಿನವನ್ನು ಹೆಸರು ಹಿಡಿದು ಕೇಳಿ. 'ಹೋದ ಜುಮಾ ದಿನ ತೆಗೆದುಕೊಂಡಿರಾ?' ಜುಮಾ ಅಂದರೆ ಶುಕ್ರವಾರ, ಅದು ಯಾರಿಗೂ ತಪ್ಪುವುದಿಲ್ಲ. ವಾರಕ್ಕೊಮ್ಮೆಯ ಔಷಧಿಯನ್ನು ಒಂದು ದಿನದ ಹೆಸರಿಗೆ ಕಟ್ಟಿಬಿಟ್ಟರೆ ಕೇಳುವುದೂ ಸುಲಭ, ನೆನಪೂ ಸುಲಭ.

ಅಂಕಿಗಳ ವಿಷಯ ಬಹಳ ಮುಖ್ಯ. ಅರಬ್ಬಿ ಬರಹದ ಐದು ನಮ್ಮ ಸೊನ್ನೆಯ ಹಾಗೆ ದುಂಡಗೆ ಇರುತ್ತದೆ. ಅವರ ಸೊನ್ನೆ ಬರೀ ಒಂದು ಚುಕ್ಕಿ. ಫಾರಂನಲ್ಲಿ ಅವರು ಕೈಯಿಂದ ಐದು ಅಂತ ಬರೆದಿದ್ದನ್ನು ನಮ್ಮ ಮಲಯಾಳಿ, ಕನ್ನಡ, ಫಿಲಿಪಿನೋ ಸಿಬ್ಬಂದಿ ಸೊನ್ನೆ ಅಂತ ಕಂಪ್ಯೂಟರ್‌ಗೆ ಹಾಕಿದ್ದನ್ನು ನಾನೇ ಕಂಡಿದ್ದೇನೆ. 1ರಿಂದ 4ರ ಪಟ್ಟಿಯೂ ಬಲದಿಂದ ಎಡಕ್ಕೆ ಹೋಗಬೇಕು. ಇಂಗ್ಲಿಷ್ ಫಾರಂನ ಚೌಕಗಳನ್ನು ಹಾಗೇ ಬಿಟ್ಟು ಅಕ್ಷರ ಮಾತ್ರ ಅರಬ್ಬಿ ಮಾಡಿದರೆ 'ಪೂರ್ತಿ ಒಪ್ಪುತ್ತೇನೆ' ಇರುವ ಕಡೆ 'ಒಪ್ಪುವುದೇ ಇಲ್ಲ' ಬಂದು ಕೂರುತ್ತದೆ.

ಇನ್ನೊಂದು. ಒಮಾನ್‌ನಲ್ಲಿ ಎಲ್ಲರ ಮನೆಮಾತೂ ಅರಬ್ಬಿ ಅಲ್ಲ. ಜಾಂಜಿಬಾರ್‌ನಿಂದ ಬಂದ ಮನೆತನಗಳಲ್ಲಿ ಸ್ವಾಹಿಲಿ, ಬಲೂಚಿ ಮನೆಗಳಲ್ಲಿ ಬಲೂಚಿ, ಸಲಾಲಾ ಕಡೆ ಬೆಟ್ಟದವರಲ್ಲಿ ಜಿಬ್ಬಾಲಿ. ನನ್ನ ಮನೆಯಲ್ಲೇ ನವಾಯತಿ, ಬೀದಿಯಲ್ಲಿ ಕನ್ನಡ. ಹಾಗಾಗಿ ಮೊದಲನೇ ಪ್ರಶ್ನೆಯೇ 'ಮನೆಯಲ್ಲಿ ಯಾವ ಮಾತು' ಅಂತ ಇರಲಿ.

---

ಗಂಟುನೋವು_ಡಾಕ್ಟರ್

ಮೇಲಿನ ಇಬ್ಬರೂ ಚೆನ್ನಾಗಿ ಹೇಳಿದ್ದಾರೆ. ನಾನು ಬೆಂಗಳೂರಿನಲ್ಲಿ ಕೀಲುರೋಗ ನೋಡುವವನು, ಮೊದಲು ಎರಡು ವರ್ಷ ಸೌದಿಯಲ್ಲಿದ್ದೆ. ಅನುವಾದದ ಕ್ರಮಕ್ಕೆ 2000ದಲ್ಲಿ ಬೀಟನ್ ಮತ್ತು ಜೊತೆಯವರು ಬರೆದ ದಾರಿ ಎಲ್ಲರೂ ಒಪ್ಪುವಂಥದ್ದು. ಇಬ್ಬರು ಬೇರೆ ಬೇರೆಯಾಗಿ ಅರಬ್ಬಿ ಮಾಡಬೇಕು, ಎರಡನ್ನೂ ಸೇರಿಸಿ ಒಂದು ಮಾಡಬೇಕು, ಮೂಲ ನೋಡದವರು ಅದನ್ನು ಮತ್ತೆ ಇಂಗ್ಲಿಷ್‌ಗೆ ತರಬೇಕು, ಎಲ್ಲರೂ ಕೂತು ಜಗಳ ಬಗೆಹರಿಸಬೇಕು, ಆಮೇಲೆ 30ರಿಂದ 40 ರೋಗಿಗಳ ಹತ್ತಿರ ಓದಿಸಿ ಪ್ರತಿ ಪ್ರಶ್ನೆಗೂ 'ಇದರಲ್ಲಿ ನಿಮಗೆ ಏನು ಅರ್ಥವಾಯಿತು' ಅಂತ ಕೇಳಬೇಕು. ಈ ಕೊನೆಯದನ್ನೇ ಜನ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಎಥಿಕ್ಸ್ ಕಮಿಟಿ ಅನುಮತಿ ಮೊದಲೇ ತೆಗೆದುಕೊಳ್ಳಿ.

ಪ್ರಶ್ನಾವಳಿ ಒಂದೇ ಸಾಕಾ ಅಂತ ಕೇಳಿದಿರಿ. ಸಾಲುವುದಿಲ್ಲ. ಫಾರ್ಮಸಿ ಲೆಕ್ಕ ಜೊತೆಗೆ ಇಡಿ. 12 ವಾರಕ್ಕೆ ಅಂತ 72 ಮಾತ್ರೆ ಕೊಟ್ಟಿದ್ದೀರಿ, ರೋಗಿ ಮತ್ತೆ ಬಂದದ್ದು 15 ವಾರಕ್ಕೆ ಅಂದುಕೊಳ್ಳಿ. 105 ದಿನದಲ್ಲಿ 84 ದಿನಕ್ಕೆ ಮಾತ್ರ ಔಷಧಿ ಕೈಯಲ್ಲಿತ್ತು, ಅಂದರೆ ಶೇ 80. ಸಾಮಾನ್ಯವಾಗಿ ಗೆರೆ ಎಳೆಯುವುದು ಅಲ್ಲೇ, ಅದಕ್ಕಿಂತ ಕಡಿಮೆ ಬಂದರೆ ಸರಿಯಾಗಿ ತೆಗೆದುಕೊಂಡಿಲ್ಲ ಅಂತ ಲೆಕ್ಕ. ಆದರೆ ಒಮಾನಿ ಪ್ರಜೆಗಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿಗೆ ಹೆಚ್ಚು ಖರ್ಚಿಲ್ಲ, ಹಾಗಾಗಿ ಸಮಯಕ್ಕೆ ಬಂದು ತೆಗೆದುಕೊಂಡು ಹೋಗುತ್ತಾರೆ. ನಿಮ್ಮ ಅಜ್ಜಿಯ ಫಾರ್ಮಸಿ ಲೆಕ್ಕ ಶೇ 100 ಬಂದಿರುತ್ತದೆ. ಡಬ್ಬಿ ಮನೆಗೆ ಹೋಯಿತು ಅಂತ ಅಷ್ಟೇ ಅದರ ಅರ್ಥ.

ಮಾತ್ರೆ ಎಣಿಸುವುದು ಒಳ್ಳೆಯದೇ. ಆದರೆ ಎಣಿಸುತ್ತಾರೆ ಅಂತ ಗೊತ್ತಾದರೆ ಕೆಲವರು ಮನೆಯಲ್ಲೇ ಖಾಲಿ ಮಾಡಿ ಬರುತ್ತಾರೆ. ಚಿಪ್ ಬಾಟಲಿ ದುಬಾರಿ. ಅದಕ್ಕಿಂತ ದೊಡ್ಡ ತೊಂದರೆ ಇದೆ. ಊದಿದ ಬೆರಳಿನಿಂದ ಒತ್ತಿ ತಿರುಗಿಸುವ ಮುಚ್ಚಳ ತೆರೆಯಲು ಈ ರೋಗಿಗಳಿಗೆ ಆಗುವುದಿಲ್ಲ. ದಿನಾ ನುಂಗುವ ಮಾತ್ರೆಯಾದರೆ ಸೊಸೆ ಶನಿವಾರ ಒಮ್ಮೆ ತೆರೆದು ವಾರದ ಮಾತ್ರೆಗಳನ್ನೆಲ್ಲ ಬಟ್ಟಲಿಗೆ ಹಾಕಿಡುತ್ತಾಳೆ. ಚಿಪ್‌ನಲ್ಲಿ ವಾರಕ್ಕೊಂದೇ ಸಲ ತೆರೆದ ಗುರುತು. ರೋಗಿ ದಿನಾ ತೆಗೆದುಕೊಂಡಿದ್ದರೂ ತಪ್ಪಿತಸ್ಥೆ ಆಗುತ್ತಾಳೆ.

ರಕ್ತ ಪರೀಕ್ಷೆ? ಮೆಥೊಟ್ರೆಕ್ಸೇಟ್ ರಕ್ತದ ನೀರಿನಿಂದ ಒಂದೆರಡು ದಿನದಲ್ಲಿ ಹೋಗಿಬಿಡುತ್ತದೆ. ಕೆಂಪು ಕಣದೊಳಗೆ ಉಳಿಯುವುದನ್ನು ಅಳೆಯಬಹುದು, ಆ ಸೌಲಭ್ಯ ಎಲ್ಲಾ ಲ್ಯಾಬಿನಲ್ಲೂ ಇಲ್ಲ. ಇದೇ ಕಾಯಿಲೆಗೆ ಕೊಡುವ ಹೈಡ್ರಾಕ್ಸಿಕ್ಲೋರೊಕ್ವಿನ್ ವಾರಗಟ್ಟಲೆ ಮೈಯಲ್ಲಿ ಇರುತ್ತದೆ, ಅದರ ಮಟ್ಟ ನೋಡುವುದರಲ್ಲಿ ಅರ್ಥವಿದೆ. ಮತ್ತೆ ಒಂದು ಮಾತು, 28 ಕೀಲುಗಳನ್ನು ನೋಡಿ ಕಾಯಿಲೆ ಎಷ್ಟು ಜೋರಾಗಿದೆ ಅಂತ ಹಾಕುವ ಡಿಎಎಸ್ ಅಂಕವನ್ನು ಔಷಧಿ ತೆಗೆದುಕೊಂಡಿದ್ದಕ್ಕೆ ಸಾಕ್ಷಿ ಅಂತ ಬಳಸಬೇಡಿ. ಸರಿಯಾಗಿ ತೆಗೆದುಕೊಂಡರೂ ಕಾಯಿಲೆ ಬಗ್ಗದವರಿದ್ದಾರೆ. ಅವರನ್ನು ಅನುಮಾನಿಸಿದರೆ ಅದು ಅನ್ಯಾಯ.

ರಂಜಾನ್ ಮರೆಯಬೇಡಿ. ಪ್ರತಿ ವರ್ಷ ಅದು 10-11 ದಿನ ಮುಂಚಿತವಾಗಿ ಬರುತ್ತದೆ. 'ಕಳೆದ ಎರಡು ವಾರದಲ್ಲಿ' ಅಂತ ಇರುವ ಪ್ರಶ್ನೆಯನ್ನು ರಂಜಾನ್‌ನಲ್ಲಿ ಕೇಳಿದರೆ ಬರುವ ಉತ್ತರ ಬೇರೆ ತಿಂಗಳಿಗೆ ಹೊಂದುವುದಿಲ್ಲ. ದಿನಕ್ಕೆ ಎರಡು ಮೂರು ಸಲದ ಮಾತ್ರೆಗಳು ಆಗ ಸಂಜೆಯ ಇಫ್ತಾರ್, ಬೆಳಗಿನ ಜಾವದ ಸಹರಿ ಊಟಕ್ಕೆ ಸರಿಯುತ್ತವೆ, ಮಧ್ಯಾಹ್ನದ್ದು ಬಿಟ್ಟುಹೋಗುತ್ತದೆ. ಫಾರಂ ಮೇಲೆ ಹಿಜರಿ, ಅಂದರೆ ಇಸ್ಲಾಮಿ ಪಂಚಾಂಗದ ತಿಂಗಳನ್ನೂ ಬರೆದುಕೊಳ್ಳಿ.

ಕೊನೆಗೆ ತುಂಬಾ ಅಪಾಯದ್ದು. ಕಡಿಮೆ ತೆಗೆದುಕೊಳ್ಳುವುದನ್ನು ಮಾತ್ರ ಹುಡುಕಬೇಡಿ. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆಯದು. ಅದನ್ನು ತಪ್ಪಿ ದಿನಾ ನುಂಗಿದರೆ ಬಾಯಿ ಹುಣ್ಣು, ರಕ್ತ ಕಣ ಕುಸಿತ, ಜೀವಕ್ಕೇ ಕುತ್ತು. ಫಾರಂನಲ್ಲಿ 'ನಾನು ಒಂದು ದಿನವೂ ತಪ್ಪಿಸುವುದಿಲ್ಲ' ಅಂತ ಪೂರ್ತಿ ಅಂಕ ಪಡೆದವರಲ್ಲಿ ಅಂಥವರೂ ಇರಬಹುದು. ಯಾವ ದಿನ, ಎಷ್ಟು ಮಾತ್ರೆ ಅಂತ ಬಾಯಿಂದ ಹೇಳಿಸಿ.

---

ದೋಹಾ_ಶಿವಮೊಗ್ಗ

ನಾನು ವೈದ್ಯಕೀಯದವಳಲ್ಲ, ರೋಗಿ. ಶಿವಮೊಗ್ಗದವಳು, ದೋಹಾದಲ್ಲಿದ್ದೇನೆ. ಆರು ವರ್ಷದಿಂದ ಇದೇ ಕಾಯಿಲೆ. ಇದನ್ನು ಓದಿ ಸುಮ್ಮನಿರಲು ಆಗಲಿಲ್ಲ.

ನಾನೂ ಇಂಥ ಫಾರಂ ತುಂಬಿದ್ದೇನೆ. ಸುಳ್ಳು ತುಂಬಿದ್ದೇನೆ. ಗಂಡ ಪಕ್ಕದಲ್ಲಿ ಕೂತು ಪೆನ್ನು ಹಿಡಿದಿದ್ದರು, ಅತ್ತೆ ಆ ಕಡೆ. ಮಗು ಬೇಕು ಅಂತ ನಾನು ಯಾರಿಗೂ ಹೇಳದೆ ಔಷಧಿ ನಿಲ್ಲಿಸಿದ್ದೆ. ಡಾಕ್ಟರಿಗೆ ಹೇಳಬೇಕಿತ್ತು, ಮೆಥೊಟ್ರೆಕ್ಸೇಟ್ ನಿಲ್ಲಿಸಿ ಎಷ್ಟು ತಿಂಗಳು ಕಾಯಬೇಕು, ಬದಲಿಗೆ ಏನು ತೆಗೆದುಕೊಳ್ಳಬಹುದು ಅಂತ ಅವರೇ ಹೇಳುತ್ತಿದ್ದರು. ಆದರೆ ಕಾಯಿಲೆ ಇರುವ ಸೊಸೆ ಮಗುವಿನ ಮಾತು ಎತ್ತಿದರೆ ಮನೆಯಲ್ಲಿ ಏನಾಗುತ್ತದೆ ಅಂತ ಹೆದರಿಕೆ. 'ಪ್ರತಿ ವಾರ ತೆಗೆದುಕೊಳ್ಳುತ್ತೇನೆ' ಅಂತ ಗಂಡ ಟಿಕ್ ಹಾಕಿದರು, ನಾನು ತಲೆ ಆಡಿಸಿದೆ.

ಕಾಯುವ ಕೋಣೆಯಲ್ಲಿ ಒಬ್ಬರು ಈಜಿಪ್ಟ್‌ನ ಅಕ್ಕ ಪರಿಚಯವಾಗಿದ್ದರು. ಅವರಿಗೆ ನನ್ನಷ್ಟು ಇಂಗ್ಲಿಷ್ ಬರುತ್ತಿರಲಿಲ್ಲ, ನನಗೆ ಅವರಷ್ಟು ಅರಬ್ಬಿ ಬರುತ್ತಿರಲಿಲ್ಲ. ಮಾತ್ರೆ ಅಂತ ಸನ್ನೆ ಮಾಡಿ, ಹೊಟ್ಟೆ ಮುಟ್ಟಿಕೊಂಡು, ಮುಖ ಕಿವುಚಿ ತೋರಿಸಿದರು. ಅವರೂ ಬಿಟ್ಟಿದ್ದರು. ಕಪ್ಪು ಜೀರಿಗೆ ಮತ್ತು ಜೇನುತುಪ್ಪ ತಿನ್ನುತ್ತಿದ್ದರು. ನನಗೆ ಹೇಳಿದರು, ನರ್ಸ್‌ಗೆ ಹೇಳಲಿಲ್ಲ.

ಅಕ್ಕ, ರೋಗಿಯನ್ನು ಒಬ್ಬರನ್ನೇ ಕೂರಿಸಿ ಕೇಳಿ. ಮಗ, ಗಂಡ, ಸೊಸೆ ಯಾರೂ ದುಭಾಷಿ ಆಗುವುದು ಬೇಡ. 'ತುಂಬಾ ಜನರಿಗೆ ಈ ಮಾತ್ರೆ ತೆಗೆದುಕೊಂಡ ಮರುದಿನ ವಾಕರಿಕೆ ಬರುತ್ತದೆ, ಕೆಲವರು ಬಿಟ್ಟೂ ಬಿಡುತ್ತಾರೆ, ನಿಮಗೆ ಹೇಗೆ' ಅಂತ ಶುರು ಮಾಡಿ. ನನ್ನನ್ನು ಯಾರಾದರೂ ಹಾಗೆ ಕೇಳಿದ್ದರೆ ನಾನು ಅವತ್ತೇ ಹೇಳಿಬಿಡುತ್ತಿದ್ದೆ.

---

ಮಾತ್ರೆಭಟ್ರು

ದೋಹಾ ಅಕ್ಕ, ನೀವು ಬರೆದಿದ್ದು ನಾನು ಹೇಳಿದ್ದಕ್ಕಿಂತ ಉಪಯೋಗದ್ದು. ನಾನು ಕೌಂಟರ್‌ನಲ್ಲಿ ನಿಂತು ಸಾಲು ಮುಂದೆ ಹೋಗಲಿ ಅಂತ 'ಔಷಧಿ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಿ ತಾನೇ' ಅಂತ ಕೇಳುತ್ತಿದ್ದೆ. ಆ 'ತಾನೇ' ಬಂದ ಮೇಲೆ ಯಾರು ಇಲ್ಲ ಅನ್ನುತ್ತಾರೆ.

---

ಉಡುಪಿ_ಟು_ಮಸ್ಕತ್

ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಮೂರು ವಾರ ಆಯಿತು, ಏನಾಯಿತು ಅಂತ ತಿಳಿಸುತ್ತೇನೆ.

ಹಳೆಯ ನಲವತ್ತು ಫಾರಂ ಬಳಸುವುದಿಲ್ಲ ಅಂತ ಮೇಲಿನವರಿಗೆ ಹೇಳಿದೆ. ಮೊದಲು ಬೇಸರ ಮಾಡಿಕೊಂಡರು. ಮೂರು ಡಬ್ಬಿಯ ಕಥೆ ಹೇಳಿದ ಮೇಲೆ ಒಪ್ಪಿದರು. 19 ಪ್ರಶ್ನೆಗಳದ್ದಕ್ಕೆ ಅನುಮತಿ ಕೇಳಿ ಬರೆದಿದ್ದೇವೆ. ಫಾರ್ಮಸಿ ಲೆಕ್ಕ ಜೊತೆಗಿರುತ್ತದೆ. ಮನೆಯಲ್ಲಿರುವ ಔಷಧಿಯೆಲ್ಲ ಚೀಲದಲ್ಲಿ ಹಾಕಿ ತನ್ನಿ ಅಂತ ಅಪಾಯಿಂಟ್‌ಮೆಂಟ್ ಮೆಸೇಜ್‌ನಲ್ಲೇ ಸೇರಿಸಿದ್ದೇವೆ.

ಅಜ್ಜಿ ಮತ್ತೆ ಬಂದಿದ್ದರು. ಬಿಪಿ ನೋಡಬೇಕು ಅಂತ ಒಳಗಿನ ಕೋಣೆಗೆ ಒಬ್ಬರನ್ನೇ ಕರೆದೆ. ನಮ್ಮ ಒಮಾನಿ ನರ್ಸ್ ಜೊತೆಗಿದ್ದಳು. ದೋಹಾದವರು ಹೇಳಿದ ಹಾಗೇ ಅವಳು ಶುರು ಮಾಡಿದಳು. ಅಜ್ಜಿ ಸ್ವಲ್ಪ ಹೊತ್ತು ಕೈ ನೋಡಿಕೊಂಡು ಕೂತರು. ಆಮೇಲೆ ಮಾತು ಬಂತು. ಗುರುವಾರ ರಾತ್ರಿ ಮಾತ್ರೆ ನುಂಗಿದರೆ ಶುಕ್ರವಾರ ಇಡೀ ದಿನ ಹೊಟ್ಟೆ ತೊಳಸುತ್ತದಂತೆ. ಶುಕ್ರವಾರ ಮಕ್ಕಳು ಮೊಮ್ಮಕ್ಕಳೆಲ್ಲ ಊಟಕ್ಕೆ ಬರುತ್ತಾರೆ, ಅವತ್ತು ಅಡುಗೆಮನೆಯಲ್ಲಿ ಅಕ್ಕಿ ಬೇಯುವ ವಾಸನೆಯೂ ಆಗುವುದಿಲ್ಲವಂತೆ. 'ವಾರಕ್ಕೆ ಒಂದೇ ದಿನ ಅವರು ಬರುವುದು' ಅಂದರು. ನಾವೇ ಗುರುವಾರ ಅಂತ ಬರೆದುಕೊಟ್ಟಿದ್ದೆವು.

ಡಾಕ್ಟರು ಈಗ ದಿನವನ್ನು ಭಾನುವಾರ ರಾತ್ರಿಗೆ ಬದಲಿಸಿದ್ದಾರೆ. ವಾಕರಿಕೆ ನಿಲ್ಲದಿದ್ದರೆ ಅದೇ ಮೆಥೊಟ್ರೆಕ್ಸೇಟನ್ನು ಚರ್ಮದಡಿ ಇಂಜೆಕ್ಷನ್ ಆಗಿ ಕೊಡುವುದು ಅಂತ ಮಾತಾಗಿದೆ. ಬಯಾಲಜಿಕ್ ಸದ್ಯಕ್ಕೆ ಇಲ್ಲ.

ಭಟ್ಕಳದವರೇ, ಒಂದು ಸಹಾಯ ಬೇಕು. ಅನುಮತಿ ಬಂದ ಮೇಲೆ ಎರಡನೇ ಅನುವಾದಕರು ಬೇಕಾಗುತ್ತಾರೆ. ಮೊದಲನೆಯವರು ಇಲ್ಲಿಯ ಒಬ್ಬರು ಮೇಷ್ಟ್ರು. ನಿಮಗೆ ಬಿಡುವಿದೆಯಾ? ಸ್ವಾಹಿಲಿ ಬರುವವರು ಯಾರಾದರೂ ಗೊತ್ತಿದ್ದರೂ ಹೇಳಿ, ನಮ್ಮ ಒಪಿಡಿಯಲ್ಲಿ ಅವರೂ ಇದ್ದಾರೆ.

---

ಭಟ್ಕಳದ_ದುಭಾಷಿ

ಖಂಡಿತ ಮಾಡುತ್ತೇನೆ. ಮೇಷ್ಟ್ರು ಮಾಡಿದ್ದನ್ನು ನನಗೆ ಮೊದಲೇ ತೋರಿಸಬೇಡಿ, ಇಂಗ್ಲಿಷ್ ಮೂಲ ಮಾತ್ರ ಕಳಿಸಿ. ನನಗೆ ಶುಕ್ರ, ಶನಿ ರಜೆ, ಎರಡು ವಾರದಲ್ಲಿ ಮುಗಿಸುತ್ತೇನೆ. ಸ್ವಾಹಿಲಿಗೆ ನನ್ನ ಹಳೆಯ ಆಫೀಸಿನಲ್ಲಿ ಒಬ್ಬರು ಹೆಂಗಸಿದ್ದಾರೆ, ಅವರ ಅಮ್ಮ ಜಾಂಜಿಬಾರ್‌ನಲ್ಲಿ ಹುಟ್ಟಿದವರು. ಅವರನ್ನು ಕೇಳಿ ಇಲ್ಲೇ ತಿಳಿಸುತ್ತೇನೆ.